ನೋಡದೆ ಬರೆದ ಮುಖ

ಮೆಯಿಜಿ ದೊರೆಯ ೮ನೇ ವರ್ಷ, ಮೇ ೧೧. ಬೆಳಿಗ್ಗೆ

ಮತ್ತೆ ಆ ಕೆಂಪು. ಪರದೇಶದಿಂದ ಹಡಗಿನಲ್ಲಿ ಬಂದ ಬಣ್ಣದ ಡಬ್ಬಿ. ಮುಚ್ಚಳ ತೆಗೆದರೆ ಮೂತ್ರದ ಘಾಟು. ಕುಸುಬೆ ಹೂವಿನ ಕೆಂಪು ಕಾಗದದೊಳಗೆ ಇಳಿದು ಕೂರುತ್ತಿತ್ತು. ಇದು ಮೇಲೆ ನಿಂತು ಕಿರುಚುತ್ತೆ. ಉಗುರಿನ ಸಂದಿಗೆ ಹೋದರೆ ಮೂರು ದಿನ ಬಿಡಲ್ಲ. ಊಟದ ಕಡ್ಡಿ ಹಿಡಿದರೆ ಕಟುಕನ ಕೈ ಥರ ಕಾಣುತ್ತೆ.

ಈ ವಾರ ತಲೆ ಕಡಿಸಿಕೊಂಡ ಸನ್ಯಾಸಿ. ಹೋದ ವಾರ ಬಾವಿಗೆ ಬಿದ್ದ ಅಕ್ಕತಂಗಿಯರು. ಪೇಪರಿನಲ್ಲಿ ನಾಲ್ಕು ಸಾಲು ಬರುತ್ತೆ, ಅಚ್ಚಿನಂಗಡಿಯ ಕಿಹೆಯಿ ಕತ್ತರಿಸಿ ಕಳಿಸುತ್ತಾನೆ, ನಾನು ಚಿತ್ರ ಬರೆದು ರಕ್ತ ಹಾಕಿ ಕೊಡುತ್ತೇನೆ. ಮೂವತ್ತು ವರ್ಷ ನಾಟಕದ ನಟರನ್ನೂ ಸೇತುವೆ ಮೇಲಿನ ಹಿಮವನ್ನೂ ಬರೆದ ಕೈ. ಥೂ.

ಈ ಹಾಳೆಗಳನ್ನು ನುಯಿ ಅಡುಗೆಮನೆಗೆ ಬಿಟ್ಟುಕೊಳ್ಳಲ್ಲ. “ಒಲೆ ಹಚ್ಚೋಕೂ ಬೇಡ ರೀ. ಅನ್ನಕ್ಕೆ ವಾಸನೆ ಹತ್ತುತ್ತೆ.” ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಹೆಂಡತಿ. ಸರಿಯಾಗೇ ಹೇಳಿದಳು.

ಮೇ ೧೪. ಮಧ್ಯಾಹ್ನ

ಕಿಹೆಯಿ ತಾನೇ ಬಂದ. ನನ್ನ ಚಿತ್ರ ಅಚ್ಚು ಹಾಕಿಸಿ ಮಾರುವವನು. ಜುಟ್ಟು ಕತ್ತರಿಸಿಕೊಂಡಾಗಿನಿಂದ ಮಾತಿಗೊಮ್ಮೆ ಜೇಬಿನ ಗಡಿಯಾರ ತೆಗೆದು ನೋಡುತ್ತಾನೆ.

“ಫುಕಾಗಾವಾದಲ್ಲಿ ತೋಫು ಮಾಡೋನ ಹೆಂಡತಿ. ರಿತ್ಸು ಅಂತ. ಗಂಡನ ಊಟಕ್ಕೆ ಇಲಿ ಪಾಷಾಣ. ಪೊಲೀಸರು ಎಳ್ಕೊಂಡು ಹೋಗಿದ್ದಾರೆ. ನಾಡಿದ್ದು ಬೇಕು, ತೊಸೆನ್ ಮಾಸ್ತರೇ.”

“ಹಾಕಿದ್ದಾಳೆ ಅಂತಿದೆಯಾ, ಅನುಮಾನ ಅಂತಿದೆಯಾ?”

“ಅನುಮಾನಾನ ಹೇಗೆ ಬರೀತೀರಿ? ಬಟ್ಟಲು ಬರೀರಿ. ಕೈಯಲ್ಲೊಂದು ಪೊಟ್ಟಣ. ಪರದೆ ಹಿಂದೆ ಮಿಂಡ.”

“ಮಿಂಡ ಎಲ್ಲಿಂದ ಬಂದ?”

“ಈಗ ಬಂದ.” ತನ್ನ ಮಾತಿಗೆ ತಾನೇ ನಕ್ಕ.

“ಒಂದ್ಸಲ ಹೋಗಿ ಅವಳ ಮುಖ ನೋಡ್ಕೊಂಡು ಬರ್ತೀನಿ.”

“ನೋಡಿದ್ರೆ ಚಿತ್ರ ಕೆಟ್ಟೋಗುತ್ತೆ. ಆಗಿದ್ದನ್ನ ಹಿಡಿಯೋಕೆ ಈಗ ಫೋಟೋದವರು ಬಂದಿದ್ದಾರೆ. ಆಗದೇ ಇರೋದನ್ನ ಹಿಡಿಯೋರು ನಾವೇ. ಅದಕ್ಕೇ ಇನ್ನೂ ಎರಡು ಹೊತ್ತು ಉಣ್ತಿದ್ದೀವಿ.”

ಹೋಗಬಹುದಿತ್ತು. ದೋಣಿಯಲ್ಲಿ ಅರ್ಧ ಗಂಟೆ. ಹೋಗಲಿಲ್ಲ. ಸೆಕೆ ಇತ್ತು — ಅಷ್ಟೇ ಕಾರಣ.

ಮೇ ೧೫

ಮುಗೀತು. ತೆಳ್ಳನೆ ಕತ್ತು, ಹೆಗಲಿಂದ ಜಾರಿದ ಕಿಮೋನೊ, ಹಾವಿನ ಕಣ್ಣು. ಚೆನ್ನಾಗಿ ಬಂದಿದೆ. ಅಸಹ್ಯ ಅಂದರೆ ಅದೇ — ಚೆನ್ನಾಗಿ ಬಂದಿದೆ.

ಅಚ್ಚಿನ ಹಲಗೆ ಕೆತ್ತುವ ಗೆನ್‌ಪಾಚಿ ನೋಡಿ, “ಇಷ್ಟು ಚೆಂದದವಳು ಕೊಟ್ರೆ ನಾನೂ ಒಂದು ಬಟ್ಟಲು ಕುಡೀತೀನಪ್ಪಾ” ಅಂದ. ನಕ್ಕೆ. ಮೂಲೆಯಲ್ಲಿ ಹೆಸರು ಹಾಕಿದೆ.

ಮೇ ೨೪

ಅಂಗಡಿಗಳ ಮುಂದೆ ದಾರಕ್ಕೆ ನೇತುಹಾಕಿದ್ದಾರೆ. ಒಗೆದ ಬಟ್ಟೆ ಒಣಹಾಕಿದ ಹಾಗೆ, ಸಾಲಾಗಿ ರಿತ್ಸು, ರಿತ್ಸು, ರಿತ್ಸು. ಕ್ಷೌರದವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಂದು ನೋಡಿದ. ಒಬ್ಬ ತಾಯಿ ಮಗುವನ್ನು ಎತ್ತಿ ತೋರಿಸುತ್ತಿದ್ದಳು. ಮಗು ಹಾಳೆ ಮುಟ್ಟಿ ಬೆರಳು ಚೀಪಿತು. ತುಟಿ ಕೆಂಪಾಯಿತು.

ಜೂನ್ ೯

ಪೇಪರಿನ ಮೂಲೆಯಲ್ಲಿ ಎರಡೇ ಸಾಲು. ಹೊಸ ಪದ್ಧತಿಯ ವೈದ್ಯರು ಆ ತೋಫುವಿನವನ ಹೆಣ ಸೀಳಿ ನೋಡಿದರಂತೆ. ವಿಷ ಇಲ್ಲ. ಕಾಲು ಊದುವ ಕಾಯಿಲೆ ಎದೆಗೆ ಏರಿತ್ತಂತೆ. ಪೊಲೀಸರು ರಿತ್ಸುವನ್ನು ಬಿಟ್ಟು ಕಳಿಸಿದರು.

ಕಿಹೆಯಿ ಹತ್ತಿರ ಓಡಿದೆ. ಒಳಗೆ ಇನ್ನೂ ಅದನ್ನೇ ಒತ್ತುತ್ತಿದ್ದರು.

“ನಿಲ್ಲಿಸಯ್ಯಾ. ಅವಳು ಮಾಡಿಲ್ಲ.”

“ಮಾಡಿಲ್ಲ ಅನ್ನೋ ಚಿತ್ರಾನ ಯಾರು ನೋಡ್ತಾರೆ ಮಾಸ್ತರೇ?” ಗಡಿಯಾರ ನೋಡಿದ.

ಜೂನ್ ೧೨. ಸಂಜೆ

ಸ್ನಾನದ ಮನೆಯಿಂದ ಬಂದರೆ ಒಳಗೆ ಯಾರೋ ಹೆಂಗಸು. ನುಯಿ ಚಹಾ ಕೊಟ್ಟು ಕೂರಿಸಿದ್ದಳು. ನಲವತ್ತೈದರ ಮೇಲೆ. ಮುಖದ ತುಂಬ ಸಿಡುಬಿನ ಕಲೆ. ಸೋಯಾ ಬೀಸಿ ಬೀಸಿ ತೋಳು ಗಂಡಸರ ಹಾಗೆ ದಪ್ಪ. ಮಡಿಸಿಟ್ಟ ಹಾಳೆ ಬಿಚ್ಚಿ ನನ್ನ ಮುಂದೆ ಹಾಸಿದಳು.

“ಇದು ನಾನಂತೆ.”

ಹಾಳೆಯ ಮೂಲೆಯಲ್ಲಿದ್ದ ನನ್ನ ಹೆಸರಿನ ಮೇಲೆ ಕೈ ಇಟ್ಟೆ.

“ಹದಿನೆಂಟರಲ್ಲೂ ನಾನು ಹೀಗಿರಲಿಲ್ಲ ಅಯ್ಯಾ. ನನ್ನ ಗಂಡ ಇದ್ದಿದ್ರೆ, ಯಾರ ಮನೆ ಹೆಣ್ಣು ಅಂತ ಕೇಳ್ತಿದ್ದ.”

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ, ಅಳಲೂ ಇಲ್ಲ. “ಪೊಲೀಸ್ನೋರು ಬಿಟ್ರು. ನೀವು ಬಿಡ್ತಿಲ್ಲ. ದಿನಾ ತೋಫು ಮಾಡ್ತೀನಿ, ಸಂಜೆ ಕಾಲುವೆಗೆ ಸುರೀತೀನಿ. ನನ್ನ ಕೈಲಿ ಮಾಡಿದ್ದನ್ನ ಮೀನು ಮಾತ್ರ ತಿಂತಾವೆ.”

ನುಯಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ.

“ಈಗ ನೋಡಿ ನನ್ನ ಮುಖ. ನೋಡಿ ಬರೀರಿ” ಅಂದಳು ರಿತ್ಸು.

ಬರೆದೆ. ಬೆಳಕು ಇರೋತನಕ ಕದಲದೆ ಕೂತಳು. ಆ ತೋಳು, ಆ ಕಲೆ... ಎಷ್ಟೋ ವರ್ಷಕ್ಕೆ ಒಂದು ಗೆರೆಯೂ ಸುಳ್ಳಾಗಲಿಲ್ಲ.

ಜೂನ್ ೧೩

ಕಿಹೆಯಿ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಇದು ಯಾರ ಅಜ್ಜಿ?”

“ರಿತ್ಸು.”

“ಹಾಗೆಲ್ಲ ಹೇಳ್ಬೇಡಿ. ಅವಳು ಈಗಾಗ್ಲೇ ಮನೆಮನೆಗೂ ಹೋಗಿಬಿಟ್ಟಿದ್ದಾಳೆ.” ಮಡಿಸಿ ವಾಪಸ್ ಕೊಟ್ಟ.

ಜೂನ್ ೧೫. ಮಧ್ಯಾಹ್ನ

ಬೇಗ ಬರೆಯಬೇಕು.

ಗೆನ್‌ಪಾಚಿಯ ಕೀಸುಳಿ ಕೇಳಿ ತಂದೆ. ಗೆರೆ ತಿದ್ದಬೇಕು ಅಂತ ಹೇಳಿ ಕಿಹೆಯಿಯ ಅಂಗಡಿಯಲ್ಲಿ ಆ ಹಳೇ ಚಿತ್ರದ ಹಲಗೆ ಈಸಿಕೊಂಡೆ. ಎಲ್ಲರ ಎದುರೇ ಮೊಣಕಾಲಡಿ ಇಟ್ಟು ಕೀಸಿದೆ. ಚೆರಿ ಮರ, ಕಬ್ಬಿಣದ ಹಾಗೆ. ಮೊದಲು ಕಣ್ಣು ಹೋಯಿತು. ಆಮೇಲೆ ಕತ್ತು. ಆಮೇಲೆ ನನ್ನ ಹೆಸರು. ಕಿಹೆಯಿ ಕಿರುಚಿದ್ದು ಕಿರುಚಿದ್ದೇ — “ನನ್ನ ಹಲಗೆ! ನನ್ನ ಸೊತ್ತು!” ಹೌದು, ಅವನದೇ.

ಹೊರಗೆ ಪೊಲೀಸರ ಬೂಟಿನ ಸದ್ದು. ನುಯಿ ಬಾಗಿಲಿಗೆ ಹೋದಳು...

ಜೂನ್ ೩೦

ಹದಿನೈದು ದಿನ ಜೈಲು. ಏನೂ ಬರೆಯಲಾರೆ. ಹೊಟ್ಟೆ ಕೆಟ್ಟಿದೆ. ಹೇನು ಹತ್ತಿವೆ. ನುಯಿ ಅಂಗಳದಲ್ಲೇ ನಿಲ್ಲಿಸಿ ಬಿಸಿನೀರು ಹುಯ್ದಳು. ಒಂದು ಮಾತೂ ಬೈಯಲಿಲ್ಲ. ಬೆನ್ನು ಮಾತ್ರ ಚರ್ಮ ಕಿತ್ತುಬರೋ ಹಾಗೆ ಉಜ್ಜಿದಳು.

ಜುಲೈ ೧

ಗೆನ್‌ಪಾಚಿ ಬಂದಿದ್ದ.

“ಕಿಹೆಯಿ ತಾನು ಮಾರಿದ ಹಾಳೇನೇ ಒಂದು ತಂದು ಹೊಸ ಹಲಗೆಗೆ ಅಂಟಿಸಿ, ಬೇರೆಯವರ ಕೈಲಿ ಕೆತ್ತಿಸ್ಬಿಟ್ಟ ಕಣೋ. ಎರಡೇ ದಿನ.”

“ನನ್ನ ಹೆಸರು?”

“ಅದನ್ನೂ.”

ಇದು ಗೊತ್ತಿರದೇ ಇರಲಿಲ್ಲ ನನಗೆ. ಮೂವತ್ತು ವರ್ಷದ ಕಸುಬು. ಹಾಳೆ ಒಂದು ಉಳಿದರೆ ಹಲಗೆ ಮತ್ತೆ ಹುಟ್ಟುತ್ತೆ. ಆದರೂ ಕೀಸಿದೆ. ಯಾರಿಗೆ ತೋರಿಸೋಕೆ? ಆ ಪೌರುಷ ನೆನೆದರೆ ಮೈ ಪರಚಿಕೊಳ್ಳುವ ಹಾಗಾಗುತ್ತೆ.

“ನಿನ್ನ ತೋಫು ಅಮ್ಮನ್ನೂ ಕೆತ್ತಿಟ್ಟಿದ್ದೀನಿ,” ಅಂದ ಗೆನ್‌ಪಾಚಿ. ನುಯಿಯೇ ಚಿತ್ರ ತಗೊಂಡು ಹೋಗಿ ಕೊಟ್ಟಿದ್ದಳಂತೆ! “ಸಿಡುಬಿನ ಕಲೆ ಒಂದೂ ಬಿಟ್ಟಿಲ್ಲ.”

ಕೂತು ಚಿತ್ರದ ಮೇಲೆ ಹಾಕೋ ಸಾಲು ಬರೆದೆ: ಫುಕಾಗಾವಾದ ರಿತ್ಸು. ಈಕೆ ವಿಷ ಹಾಕಿಲ್ಲ. ಹಾಕಿದಳೆಂದು ನೋಡದೆ ಬರೆದವನು ತೊಸೆನ್. ನಲವತ್ತು ಹಾಳೆ ಒತ್ತಿದರೆ ಸಾಕು. ಬರೀ ಕಪ್ಪು.

ಜುಲೈ ೪

ಬೆಳಿಗ್ಗೆ ದೋಣಿಯಲ್ಲಿ ಫುಕಾಗಾವಾಕ್ಕೆ ಹೋದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ರಿತ್ಸುವಿನ ಅಂಗಡಿ ಗೋಡೆಗೆ ನಾನೇ ಹೊಸ ಹಾಳೆ ಅಂಟಿಸಿದೆ. ಹತ್ತು ಹದಿನೈದು ಜನ ಸೇರಿದರು. ಒಬ್ಬ ಗಟ್ಟಿಯಾಗಿ ಓದಿದ. ರಿತ್ಸು ತೊಟ್ಟಿಯ ನೀರಲ್ಲಿ ಕೈ ಇಟ್ಟುಕೊಂಡೇ ಕೇಳಿದಳು.

ದೋಣಿಯವನೊಬ್ಬ ಅಂದ, “ಬರೆಯೋನಿಗೇನು? ಅವತ್ತು ಅದು ಬರೆದ, ಇವತ್ತು ಇದು ಬರೆದ. ಅಷ್ಟು ಗೊತ್ತಿದ್ರೆ ತಿಂದು ತೋರಿಸ್ಲಿ.”

ಜನ ನಕ್ಕರು. ರಿತ್ಸು ನಗಲಿಲ್ಲ. ನೀರಿನಿಂದ ಒಂದು ತೋಫು ಗಡ್ಡೆ ಎತ್ತಿ, ಅಂಗೈ ಮೇಲೆ ಇಟ್ಟೇ ಕತ್ತರಿಸಿ, ಬಟ್ಟಲಿಗೆ ಹಾಕಿ, ಎರಡೂ ಕೈಯಲ್ಲಿ ಕೊಟ್ಟಳು. “ತಿನ್ನಿ ಅಯ್ಯಾ.”

ತಗೊಂಡೆ. ಬೆಳ್ಳಗೆ, ತಣ್ಣಗೆ ಇತ್ತು. ಬಾಯಿ ಹತ್ತಿರ ಒಯ್ದೆ — ಕೈ ನಿಂತಿತು.

ನಿಲ್ಲಿಸಿದ್ದು ನಾನಲ್ಲ. ಗಂಟಲು ತಾನಾಗಿ ಮುಚ್ಚಿಕೊಂಡಿತು. ಉಸಿರು ಎಳೆದು ಬಿಡೋವಷ್ಟು ಹೊತ್ತು, ಅಷ್ಟೇ. ಜನಕ್ಕೆ ಕಾಣಲಿಲ್ಲ. ಅವಳಿಗೆ ಕಂಡಿತು.

“ನೀವೂನಾ?” ಅಂದಳು. ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

ತಿಂದೆ. ಪೂರ್ತಿ ತಿಂದೆ. ಇನ್ನೊಂದು ಕೇಳಿ ತಿಂದೆ. ದೋಣಿಯವನು ಸ್ವಲ್ಪ ಹೊತ್ತು ನೋಡಿ ‘ನನಗೂ ಒಂದು’ ಅಂದ. ಆಮೇಲೆ ಇಬ್ಬರು ಹೆಂಗಸರು ಪಾತ್ರೆ ತಂದರು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ಅರ್ಧ ಖಾಲಿ. ಸಂತೋಷ ಪಡಬೇಕು.

ಅವಳು ನನ್ನ ಬಟ್ಟಲು ತೊಳೆದು ಬೋರಲು ಹಾಕಿದಳು. ಮತ್ತೆ ನನ್ನ ಕಡೆ ತಿರುಗಲಿಲ್ಲ. ಬೀದಿಯವರಿಗೆ ಗೊತ್ತಿರಲಿಲ್ಲ, ಆ ಸುಳ್ಳು ಚಿತ್ರ ನಂಬಿದರು. ನನಗೆ ಎಲ್ಲ ಗೊತ್ತಿತ್ತು. ಆ ವಿಷ ಹುಟ್ಟಿದ್ದೇ ಈ ಮೇಜಿನ ಮೇಲೆ. ಆದರೂ ನನ್ನ ಗಂಟಲು...

ನಾಳೆ ಬೆಳಿಗ್ಗೆ ಮತ್ತೆ ಹೋಗಬೇಕು. ಯಾರೂ ಬರುವ ಮುಂಚೆ. ಹೋಗಿ ಅವಳೆದುರು ಕೂತು, ಒಂದೇ ಸಲ, ಕೈ ನಿಲ್ಲದ ಹಾಗೆ ತಿನ್ನಬೇಕು.