ಸಾವಿರಕ್ಕೆ ಹದಿನಾಲ್ಕು ಕಡಿಮೆ

ಮಾರ್ಚ್ 9, ಭಾನುವಾರ

ಪ್ರೀತಿಯ ಪುಟ್ಟು,

ನೀನು ದೊಡ್ಡ ಪ್ರೊಫೆಸರ್ ಆದಮೇಲೂ ಹೀಗೇ ಕರೆಯುತ್ತೇನೆ, ಸಿಟ್ಟಾಗಬೇಡ. ನಿನ್ನ ಪುಸ್ತಕದ ಮೂರನೇ ಮುದ್ರಣಕ್ಕೆ ಟೈಪ್ ಮಾಡುವುದು ಮುಗಿಯಿತು. ಈ ಪತ್ರದ ಜೊತೆ ಕಟ್ಟಿ ಕಳಿಸುತ್ತಿದ್ದೇನೆ. ನೂರಾ ಹನ್ನೆರಡನೇ ಪುಟದಲ್ಲಿ ಮಾತ್ರ ಮೂರು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ. ಯಾಕೆಂದು ಫೋನಿನಲ್ಲಿ ಹೇಳಲು ಆಗಲಿಲ್ಲ.

ಮೊದಲ ಮುದ್ರಣದ ಕಾಲದಲ್ಲಿ ನನ್ನ ಮಗ ಟೈಪಿಂಗ್ ಮೇಜಿನ ಕೆಳಗೆ ಕೂತು ಹಾಳಾದ ಹಾಳೆಗಳಲ್ಲಿ ದೋಣಿ ಮಾಡುತ್ತಿದ್ದ. ಆಗಲೇ ನಾವಿಬ್ಬರೂ ಒಂದು ನಿಯಮ ಮಾಡಿಕೊಂಡೆವು. ನಿನ್ನ ವಾಕ್ಯ ನಾನು ಮುಟ್ಟಬಾರದು, ತಿಳಿಯದ ಕಡೆ ಅಂಚಿನಲ್ಲಿ ಪೆನ್ಸಿಲಿನ ಗುರುತು ಹಾಕಬೇಕು. ಹತ್ತನೇ ತರಗತಿ ಓದಿದವಳು ನಾನು, ಪುಟದ ತುಂಬ ಗುರುತು. "ಅಕ್ಕಾ, ಇದೇನು, ಹಾಳೆ ಮೇಲೆ ಸೊಳ್ಳೆ ಹೊಡೆದಿದ್ದೀಯಾ?" ಎಂದು ನೀನು ನಕ್ಕಿದ್ದೆ. ಆಮೇಲೆ ಬಿಡಿಸಿ ಹೇಳಿದ್ದೆ: ಜನ ಓಟು ಹಾಕಿ ಸರ್ಕಾರ ಮಾಡುವ ಎರಡು ದೇಶಗಳು ಒಂದರ ಮೇಲೊಂದು ಯುದ್ಧಕ್ಕೆ ಹೋಗುವುದಿಲ್ಲ, ಇಡೀ ಪುಸ್ತಕ ಇಷ್ಟೇ ಎಂದು. ನನಗೆ ಎಷ್ಟು ನೆಮ್ಮದಿಯಾಗಿತ್ತು.

ಈಗ ಆ ಮೂರು ಸಾಲಿನಲ್ಲಿ ನೀನು ಹೊಸದಾಗಿ ಸೇರಿಸಿರುವುದು ಇದು: "ಎರಡು ವರ್ಷದ ಹಿಂದಿನ ಗಡಿ ಘರ್ಷಣೆಯಲ್ಲಿ ಉಭಯ ಕಡೆ ಸತ್ತ ಯೋಧರು ಒಂಬೈನೂರ ಎಂಬತ್ತಾರು. ಸಾವಿರ ಮುಟ್ಟದ ಕಾರಣ ಇದನ್ನು ಯುದ್ಧವೆಂದು ಪರಿಗಣಿಸಲಾಗದು."

ಪುಟ್ಟು, ನನ್ನ ಮಗನ ಶವಪೆಟ್ಟಿಗೆಯ ಒಂದು ಮೂಲೆ ನಿನ್ನ ಹೆಗಲ ಮೇಲಿತ್ತು.

ಅವನು ಆ ಒಂಬೈನೂರ ಎಂಬತ್ತಾರರಲ್ಲೂ ಇಲ್ಲ. ಗಡಿಯಲ್ಲಿ ಗಾಯಗೊಂಡವನು, ಕದನವಿರಾಮವಾಗಿ ಹನ್ನೊಂದನೇ ದಿನ ಸೇನೆಯ ಆಸ್ಪತ್ರೆಯಲ್ಲಿ ಹೋದ. ಅಷ್ಟೂ ದಿನ ನಾನು ಆ ವಾರ್ಡಿನ ಹೊರಗಿನ ಬೆಂಚಿನ ಮೇಲಿದ್ದೆ. ಹತ್ತೊಂಬತ್ತು ಹಾಸಿಗೆ ಖಾಲಿಯಾದವು, ಅವನದು ಕೊನೆಯದು. ಒಬ್ಬೊಬ್ಬರು ತೀರಿಕೊಂಡಾಗಲೂ ಆಯಾ ಬಂದು ಹಾಸಿಗೆಯ ರಬ್ಬರ್ ಹಾಳೆ ತೊಳೆದು ಕಿಟಕಿಯ ಸರಳಿಗೆ ಒಣಹಾಕುತ್ತಿದ್ದಳು. ನಿನ್ನ ಹಸ್ತಪ್ರತಿ ಬಂದ ಮೇಲೆ ಸೇನೆಯ ದಾಖಲೆ ಕಚೇರಿಗೂ ಹೋಗಿ ಕೇಳಿದೆ. ಗುಮಾಸ್ತ ಒಳ್ಳೆಯವನು, ಕುರ್ಚಿ ಎಳೆದುಕೊಟ್ಟ. "ಪಟ್ಟಿ ಕದನವಿರಾಮದ ದಿನ ಸಂಜೆ ಐದಕ್ಕೇ ಮುಚ್ಚಿಬಿಡ್ತಮ್ಮಾ. ಆಮೇಲೆ ಹೋದೋರು ಆಸ್ಪತ್ರೆ ಲೆಕ್ಕ" ಎಂದ.

ನಿನಗೆ ಫೋನ್ ಮಾಡಿ ಇದನ್ನೇ ಹೇಳಿದೆ. "ಸಾವಿರ ಅನ್ನೋ ಗೆರೆ ನಾನು ಎಳೆದಿದ್ದಲ್ಲ ಅಕ್ಕಾ, ಎಲ್ಲ ಕಡೆ ವಿದ್ವಾಂಸರು ಒಪ್ಪಿರೋದು" ಎಂದೆ ನೀನು. ಹತ್ತೊಂಬತ್ತು ಸೇರಿಸಿದರೆ ಸಾವಿರದ ಐದಾಗುತ್ತದಲ್ಲ ಎಂದೆ ನಾನು. ಅದಕ್ಕೆ ನೀನು, "ಸರಿ, ಯುದ್ಧ ಅಂತಲೇ ಇಟ್ಕೋ. ಆದ್ರೆ ಗಡಿಯಾಚೆಯವರದು ನಿಜವಾದ ಪ್ರಜಾಪ್ರಭುತ್ವ ಅಲ್ವಲ್ಲ" ಎಂದೆ. ನಾನು ಎರಡನೇ ಮುದ್ರಣ ತೆಗೆದು ಓದಿ ಹೇಳಿದೆ. ಪ್ರಜಾಪ್ರಭುತ್ವ ದೇಶಗಳ ನಿನ್ನ ಪಟ್ಟಿಯಲ್ಲಿ ಅವರು ಒಂಬತ್ತನೆಯವರು, ನಾವು ಹತ್ತನೆಯವರು. ಟೈಪ್ ಮಾಡಿದವಳು ನಾನೇ.

"ನೀನೇನು ಟೈಪಿಸ್ಟಾ, ವಕೀಲಳಾ?" ಎಂದು ನೀನು ನಕ್ಕೆ. ರೂಢಿ ನೋಡು, ನಾನೂ ನಕ್ಕುಬಿಟ್ಟೆ.

ನೀನು ಕೆಟ್ಟವನಲ್ಲ. ಅವನ ಮೊದಲ ಸೈಕಲ್ಲಿನ ಹಿಂದೆ ಬೀದಿಯುದ್ದ ಓಡಿದವನು ನೀನು. ಆದರೆ ನಿನ್ನ ಪುಸ್ತಕ ಉಳಿಯಬೇಕಾದರೆ ಅವನು ಯುದ್ಧದಲ್ಲಿ ಸತ್ತಿರಬಾರದು. ಹಾಗಾದರೆ ಯಾವುದರಲ್ಲಿ ಸತ್ತ? ಕೇಳುವವರಿಗೆ ಏನು ಹೇಳಲಿ?

ಖಾಲಿ ಜಾಗದಲ್ಲಿ ನೀನು ಆ ಸಾಲುಗಳನ್ನೇ ಬರೆದುಕೊಳ್ಳುತ್ತೀಯ, ನನಗೆ ಗೊತ್ತು. ಅಕ್ಷರ ಸರಿಯಾಗಿ ಹಿಡಿಯುವಂತೆ ಅಳೆದೇ ಬಿಟ್ಟಿದ್ದೇನೆ. ನನ್ನ ಬೆರಳಿಂದ ಮಾತ್ರ ಬೇಡ. ನಾಲ್ಕನೇ ಮುದ್ರಣಕ್ಕೆ ಬೇರೆ ಯಾರನ್ನಾದರೂ ನೋಡಿಕೋ.

ಇಂತಿ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ಯುದ್ಧದ ನೋವು ಉಣ್ಣುವವರು ಜನರೇ ಆದ್ದರಿಂದ ಓಟಿರುವ ಜನ ಯುದ್ಧ ಕೇಳುವುದಿಲ್ಲ ಎಂದು ಎರಡನೇ ಅಧ್ಯಾಯದಲ್ಲಿ ಬರೆದಿದ್ದೀಯ. ಕಳೆದ ಚುನಾವಣೆಯಲ್ಲಿ, ಗಡಿಯಾಚೆ ನುಗ್ಗಿ ಬುದ್ಧಿ ಕಲಿಸುತ್ತೇವೆ ಎಂದು ಕೂಗಿದವರಿಗೇ ನಾನು ಓಟು ಹಾಕಿದೆ. ಅವರ ಗಟ್ಟಿ ದನಿ ನನಗೆ ಹಿಡಿಸಿತ್ತು. ಮಗ ರಜೆಯಲ್ಲಿ ಬಂದಿದ್ದ. "ಬೇಡಮ್ಮಾ, ಅವರು ನಿಜವಾಗ್ಲೂ ಕಳಿಸ್ತಾರೆ" ಎಂದ. "ಹೋಗೋ ಹೆದರುಪುಕ್ಕಲ, ನಿನ್ನ ಮಾವನ ಪುಸ್ತಕ ಓದು, ಎಲ್ಲಾ ಬರೀ ಬಾಯಿಮಾತು" ಎಂದು ಬಾಯಿ ಮುಚ್ಚಿಸಿದೆ. ಬಿಸಿಲಿತ್ತು. ಮತಗಟ್ಟೆಯವರೆಗೂ ನನಗೆ ಕೊಡೆ ಹಿಡಿದುಕೊಂಡು ಬಂದ.