ಮೋಲ್ ಬಗ್ಗೆ ಎಲ್ಲಿ ಕೇಳೋದು?

3, ಮಂಗಳವಾರ. ಮಧ್ಯಾಹ್ನ 3.10

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಈ ಶುಭ ಗಳಿಗೆಯಲ್ಲಿ, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಎರಡನೇ ಸಿಂಕಿನ ಪಕ್ಕ, ಸ್ಟೂಲಿನ ಮೇಲೆ ವಿರಾಜಮಾನಳಾಗಿ ನಾನು ಫೋನಿನಲ್ಲಿ, ಪ್ರಶ್ನೆ ಕೇಳುವ ತಾಣವೊಂದಕ್ಕೆ ಸೇರಲು, ಒಂದು ಪಾಸ್‌ವರ್ಡ್ ಸೃಷ್ಟಿಸಿದೆ. ‘ಸಿಂಕ್‌ರಾಣಿ’ ಹೆಸರನ್ನು ಆಗಲೇ ಯಾರೋ ಹೊಡೆದುಕೊಂಡಿದ್ದಾರೆ. ಸಿಂಕ್‌ರಾಣಿ2 ಆದೆ. ಲೋಕದಲ್ಲಿ ಇನ್ನೊಬ್ಬಳಿದ್ದಾಳೆ... ಸಮಾಧಾನ.

28ಕ್ಕೆ ಇಲಾಖೆ ಪರೀಕ್ಷೆ. ಪಾಸಾದರೆ ಲ್ಯಾಬ್ ಅಸಿಸ್ಟೆಂಟ್. ಇಲ್ಲದಿದ್ದರೆ ನಿವೃತ್ತಿವರೆಗೂ ಗಾಜು ತೊಳೆಯೋದೇ. ವಯಸ್ಸಿನ ಮಿತಿ ಪ್ರಕಾರ ಇದೇ ಕೊನೇ ಸಲ. ಮೊದಲ ಪಾಠದಲ್ಲೇ ಗಾಡಿ ನಿಂತಿದೆ — ಮೋಲ್ ಅಂದರೆ ತೂಕವೋ, ಎಣಿಕೆಯೋ? ಲ್ಯಾಬಿನ ಕೆಮಿಸ್ಟ್ರಿ ಸರ್‌ನ ಕೇಳಬಹುದು. ಆದರೆ ಹದಿನೆಂಟು ವರ್ಷ ಅವರ ವಿದ್ಯಾರ್ಥಿಗಳಿಗೆ “ಇಷ್ಟೂ ಗೊತ್ತಿಲ್ವಾ?” ಅಂತ ಗದರಿದ ಬಾಯಿ ಇದು. ಯಾವ ಮುಖ ಇಟ್ಕೊಂಡು...

4, ಬುಧ

ದೊಡ್ಡ ಪ್ರಶ್ನೋತ್ತರ ತಾಣ. ಕೇಳಿದ ಆರೇ ನಿಮಿಷಕ್ಕೆ ನನ್ನ ಪ್ರಶ್ನೆಗೆ ಬಾಗಿಲು ಹಾಕಿದರು. “ಇದು ಹೋಂವರ್ಕ್. ಮೊದಲು ನಿಮ್ಮ ಪ್ರಯತ್ನ ತೋರಿಸಿ.” ನಲವತ್ತೈದಕ್ಕೆ ಹೋಂವರ್ಕ್! ಪ್ರಯತ್ನ ಬೇಕಂತೆ. ಕೈಯ ಫೋಟೊ ಹಾಕಲೇ? ಬೆರಳ ಸಂದಿಯೆಲ್ಲ ಬಿರುಕು.

7, ಶನಿವಾರ

ಪಂಡಿತರ ಗ್ರೂಪು. ಒಬ್ಬರು ಉತ್ತರಿಸಿದರು. ಇನ್ನೊಬ್ಬರು ತಪ್ಪೆಂದರು. ಮೂರನೆಯವರು ಇಬ್ಬರ ಡಿಗ್ರಿ ವಿಚಾರಿಸಿದರು. ಮೆಲ್ಲಗೆ ಎದ್ದು ಬಂದೆ. ಜಗಳ ಇನ್ನೂ ನಡೀತಿದೆ.

ಇವರು ಬಾಗಿಲಿಂದ — “ಏನೇ, ಯಾರ ಜೊತೆ ಚಾಟಿಂಗು?”

“ಮೋಲ್ ಅಂತ.”

“ಯಾರವನು?”

“ನಿಮಗಿಂತ ಭಾರವೋ ಹಗುರವೋ, ಅದೇ ಗೊತ್ತಾಗ್ತಿಲ್ಲ ಕಣ್ರೀ.”

16, ಸೋಮವಾರ

ಬರೆಯಲಾಗಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗಳು. ದಿನಕ್ಕೆ ನಲವತ್ತು ಬ್ಯುರೆಟ್ ತೊಳೆಯಬೇಕು, ಆ ಉದ್ದನೆಯ ಅಳತೆ ಗಾಜಿನ ಕೊಳವೆ. ಪುಸ್ತಕ ತೆರೆದರೆ ಕಣ್ಣು ಮುಚ್ಚುತ್ತದೆ — ಎರಡಕ್ಕೂ ಒಂದೇ ಕೀಲು ಇರಬೇಕು. ಮೋಲ್ ಇದ್ದಲ್ಲೇ ಇದೆ. ಸಾಕಾಯ್ತು.

19, ಗುರುವಾರ

ಇನ್ನೊಂದು ತಾಣ. ಹೊಸಬರದ್ದೇ. ಕೇಳಲು ಧೈರ್ಯ ಬರಲಿಲ್ಲ, ಸುಮ್ಮನೆ ಓದಿದೆ. ‘ಬಿರುಕು ಬೀಕರ್’ ಅಂತ ಒಬ್ಬರು ಗೋಳಾಡುತ್ತಿದ್ದರು — ಪರ್ಮಾಂಗನೇಟ್ ಅನ್ನೋ ನೇರಳೆ ದ್ರಾವಣ ಹಾಕಿದ ಬ್ಯುರೆಟ್‌ನಲ್ಲಿ ಕಂದು ಕಲೆ, ಎಷ್ಟು ತೊಳೆದರೂ ಹೋಗ್ತಿಲ್ಲ. ಎರಡು ದಿನದಿಂದ ಒಂದೂ ಉತ್ತರವಿಲ್ಲ! ಪಂಡಿತರು ಬ್ಯುರೆಟ್ ತೊಳೆದಿದ್ದರೆ ತಾನೆ? ನನ್ನ ಕೈ ತಾನಾಗಿ ಟೈಪ್ ಮಾಡಿತು: ಆಕ್ಸಾಲಿಕ್ ಆ್ಯಸಿಡ್ ದ್ರಾವಣ, ಉಗುರು ಬೆಚ್ಚಗೆ, ಹತ್ತು ನಿಮಿಷ ನೆನೆಸಿ. ಗ್ಲೌಸ್ ಹಾಕ್ಕೊಳ್ಳಿ. ಉಜ್ಜಬೇಡಿ, ಗೀರು ಬೀಳುತ್ತೆ.

20, ಶುಕ್ರ. ಬೆಳಿಗ್ಗೆ 6.30

ಬಿರುಕು ಬೀಕರ್ ಉತ್ತರ: “ಕಲೆ ಹೋಯ್ತು ಮೇಡಂ! ಪ್ರೊಫೆಸರಾ ನೀವು?”

ಪ್ರೊಫೆಸರ್! ಎರಡು ನಿಮಿಷ ಹಾಗೇ ಇರಲು ಬಿಟ್ಟೆ. ಆಮೇಲೆ ಬರೆದೆ: “ಅಲ್ಲ, ಗಾಜು ತೊಳೆಯೋಳು. ಒಂದು ದಡ್ಡ ಪ್ರಶ್ನೆ ಕೇಳ್ಲಾ? ಮೋಲ್ ಅಂದ್ರೆ ತೂಕವೋ, ಎಣಿಕೆಯೋ?”

“ಎಣಿಕೆ, ಅಕ್ಕಾ. ಡಜನ್ ಇದ್ದ ಹಾಗೆ, ತುಂಬಾ ದೊಡ್ಡ ಡಜನ್. ಡಜನ್ ಟೆಸ್ಟ್ ಟ್ಯೂಬು, ಡಜನ್ ಫ್ಲಾಸ್ಕು — ಎಣಿಕೆ ಒಂದೇ. ಟ್ರೇ ಎತ್ತಿ ನೋಡಿ, ತೂಕ ಒಂದೇನಾ?”

ಹದಿನೆಂಟು ವರ್ಷದಿಂದ ತೋಳಿಗೆ ಗೊತ್ತಿತ್ತು. ತಲೆಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

27, ಶುಕ್ರ

ಒಂಬತ್ತು ಪಾಠ ಆಯ್ತು. ಮೂರು ಬಾಕಿ. ತಲೆ ಹೊಗೆಯಾಡುತ್ತಿದೆ. ಲ್ಯಾಬಿನಲ್ಲಿ ಒಬ್ಬಳು, “ಆಂಟಿ, ಇದ್ರಲ್ಲಿ ಪಿಪೆಟ್ ಯಾವ್ದು?” ಅಂದಳು. ಗದರಲು ಬಾಯಿ ತೆರೆದೆ. ಮುಚ್ಚಿದೆ. ತೋರಿಸಿದೆ.

28, ಶನಿವಾರ. ಬೆಳಿಗ್ಗೆ 8.05

ಹಾಲ್ ಟಿಕೆಟ್ ಲ್ಯಾಬಿನ ಡ್ರಾಯರ್‌ನಲ್ಲೇ ಮರೆತಿದ್ದೆ, ಓಡಿ ಬಂದೆ. ಬಸ್ಸು 8.15ಕ್ಕೆ. ಈ ಡೈರಿಯನ್ನು ಬಟ್ಟೆ ಕೆಳಗೆ ಬಚ್ಚಿಡುತ್ತಿದ್ದವಳು ಇವತ್ತು ಬೇಕಂತಲೇ ಸರ್ ಮೇಜಿನ ಮೇಲೆ ತೆರೆದಿಡುತ್ತೇನೆ. ಓದಿ ಸರ್. ನಗೋದಿದ್ದರೆ ಆಮೇಲೆ ನಗಿ. ಮೊದಲು ಸಿಂಕಿನ ಕೆಳಗಿನ ಬಕೆಟ್ ನೋಡಿ — ಆರು ಪಿಪೆಟ್ ನೆನೆಹಾಕಿದ್ದೆ, ಮರೆತೇಬಿಟ್ಟೆ. ಮೂರು ಸಲ ನಲ್ಲಿ ನೀರು, ಕೊನೇ ಸಲ ಡಿಸ್ಟಿಲ್ಡ್. ತುದಿ ಮೇಲೆ ಮಾಡಿ ಸ್ಟ್ಯಾಂಡಿಗೆ ಹಾಕಿ. ಸರ್, ಮೆಲ್ಲಗೆ ಹಿಡೀರಿ, ಮೂರನೇದರ ತುದಿ ಸ್ವಲ್ಪ — ಅಯ್ಯೋ, ಬಸ್ಸು