ಓನರ್ ಆಂಟಿ

ಜೂನ್ 3, ಮಂಗಳವಾರ
ಎಕ್ಸ್‌ರೇ ರೂಮಲ್ಲಿ ಇವತ್ತೂ ದಿನವಿಡೀ ಅದೇ ಎರಡು ಮಾತು. ಉಸಿರು ಹಿಡೀರಿ. ಬಿಡಿ. ಡ್ಯೂಟಿ ಮುಗಿಸಿ ನೇರ ಹೊಸ ಫ್ಲ್ಯಾಟಿಗೆ. ಹಳೇ ಫ್ಲ್ಯಾಟೇ, ನನ್ನ ಹೆಸರಿಗೆ ಬಂದದ್ದು ಹೊಸತು. "ಮೊದಲನೇ ಇನ್ವೆಸ್ಟ್‌ಮೆಂಟ್ ಚಿಕ್ಕದೇ ಇರ್ಲಿ ಕಣಕ್ಕಾ, ಬಾಡಿಗೆ ಬಂದ್ರೆ ಸಾಕು" ಅಂದಿದ್ದಳು ತಂಗಿ. ಬ್ರೋಕರ್ ಇನ್ನೂ ಕೇಳ್ತಾನೆ — "ಸರ್ ಬರಲ್ವಾ ಮೇಡಂ?" ಯಾವ ಸರ್ರೋ, ನನಗೂ ನೋಡೋ ಆಸೆ.

ಜೂನ್ 14
ಬಾಡಿಗೆಗೆ ಬಂದರು. ಗಂಡ, ಹೆಂಡತಿ, ನಾಲ್ಕು ವರ್ಷದ ಪುಟ್ಟಿ. ಕೀ ಕೊಟ್ಟು ಹೊರಗೆ ಬಂದೆ. ಚಪ್ಪಲಿ ಹಾಕ್ಕೊಳ್ಳೋವಾಗ ಒಳಗಿಂದ ನಗು. ನನ್ನ ಗೋಡೆಗಳ ಒಳಗೆ! ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ.

ಜೂನ್ 22
ಅಡುಗೆಮನೆ ನಲ್ಲಿ ಸೋರ್ತಿದೆ ಅಂತ ಫೋನ್. ಪ್ಲಂಬರ್ ಜೊತೆ ಹೋದೆ. ಆಕೆ ಟೀ ಮಾಡಿಕೊಟ್ಟಳು. ಕ್ಯಾಂಟೀನ್ ಬಿಟ್ಟು ಬೇರೆಯವರ ಕೈಯ ಟೀ ಕುಡಿದು ಎಷ್ಟು ಕಾಲವಾಯ್ತೋ... ಪುಟ್ಟಿ ಬಂದು ಮಡಿಲಲ್ಲೇ ಕೂತಳು. "ಓನರ್ ಆಂಟಿ, ನಿಮ್ಮ ಕೈ ತಣ್ಣಗಿದೆ."

ಜೂನ್ 29
ನಲ್ಲಿ ಸರಿಯಾಗಿದೆಯಾ ಅಂತ ನೋಡಿಬಂದೆ. ಸರಿಯಾಗಿಯೇ ಇತ್ತು.

ಜುಲೈ 6
ಕಿಟಕಿ ಚಿಲಕ ನೋಡಿಬಂದೆ.

ಜುಲೈ 13, ಭಾನುವಾರ
ಬಾಗಿಲು ಅರ್ಧವೇ ತೆರೆಯಿತು. ಗಂಡ. "ಹೇಳಿ ಮೇಡಂ, ಏನಾದ್ರೂ ಪ್ರಾಬ್ಲಮ್ಮಾ?"
"ಇಲ್ಲ... ಈ ಕಡೆ ಬಂದಿದ್ದೆ."
ಪುಟ್ಟಿಗೆ ತಂದ ಕ್ರೆಯಾನ್ ಅವನ ಕೈಗೇ ಕೊಟ್ಟು ಇಳಿದೆ. ಮುಖ ಎಲ್ಲಿ ಬಚ್ಚಿಟ್ಟುಕೊಳ್ಳಲಿ ಅನ್ನಿಸ್ತು.

ಆಗಸ್ಟ್ 9
ಖಾಲಿ ಮಾಡ್ತಾರಂತೆ. ಮನೆಯಲ್ಲಿ ಏನು ಕೊರತೆ ಅಂತ ಬ್ರೋಕರನ್ನ ಕೇಳಿದೆ. ಕೆಮ್ಮಿದ. "ಮನೆ ಚೆನ್ನಾಗಿದೆಯಂತೆ ಮೇಡಂ. ಓನರ್ ಸ್ವಲ್ಪ ಜಾಸ್ತಿ ಬರ್ತಾರಂತೆ."
ತಂಗಿಗೆ ಫೋನ್ ಮಾಡಿ ಹೇಳಿದೆ. ನಗ್ತಾಳೆ ಅಂದ್ಕೊಂಡಿದ್ದೆ. ನಗಲಿಲ್ಲ. ಮೆಲ್ಲಗೆ ಅಂದಳು — "ಬಾಡಿಗೆಗೆ ಕೊಟ್ಟ ಮೇಲೆ ಅದು ಅವರ ಮನೆ ಕಣಕ್ಕಾ."

ಆಗಸ್ಟ್ 31
ಕೀ ಇಸ್ಕೊಂಡೆ. ಸಾಮಾನೆಲ್ಲ ಟೆಂಪೋದಲ್ಲಿ. ಪುಟ್ಟಿ ಖಾಲಿ ಹಾಲ್‌ನಲ್ಲಿ ಕೂಗಿ ಕೂಗಿ ತನ್ನ ದನಿ ತಾನೇ ಕೇಳ್ತಿದ್ದಳು.
"ಆಂಟಿ, ಇನ್ಮೇಲೆ ಇಲ್ಲಿ ನೀವೇ ಇರ್ತೀರಾ?"
"ಇಲ್ಲ ಪುಟ್ಟಿ, ನನಗೆ ಬೇರೆ ಮನೆ ಇದೆ."
"ಅಲ್ಲಿ ಯಾರಿದ್ದಾರೆ?"
ಅವಳಮ್ಮ ಕೈ ಹಿಡಿದೆಳೆದಳು. "ನಡಿಯೇ, ಟೆಂಪೋ ಕಾಯ್ತಿದೆ." ನನ್ನ ಮುಖ ನೋಡಲಿಲ್ಲ ಆಕೆ.

ಸೆಪ್ಟೆಂಬರ್ 5
ಹೊಸ ಪಾರ್ಟಿ ಸಿಕ್ಕಿದೆ. ಅಣ್ಣ, ತಂಗಿ, ಇಬ್ಬರೂ ಕೆಲಸಕ್ಕೆ ಹೋಗೋರು. ಈ ಸಲ ಕೀ ಬ್ರೋಕರ್ ಕೈಲೇ ಕಳಿಸ್ತೀನಿ. ನಾನು ಹೋಗಲ್ಲ. ಖಂಡಿತ ಹೋಗಲ್ಲ. ಆದರೆ ಗೀಸರ್ ಸ್ವಿಚ್ ಒಂಚೂರು ಬಿಗಿ, ಹೊಸಬರಿಗೆ ಗೊತ್ತಾಗಲ್ಲ. ಒಂದೇ ಒಂದು ಸಲ—